ಹರಿಯದ ಎಳೆ

ಬೋರನಕಣಿವೆ ಪಕ್ಕದ ಹಟ್ಟಿಯಿಂದ

ಅಪ್ಪಾ,

ದಂಡಿನಶಿವರದ ತೋಟದಲ್ಲಿ ಕುರಿಮಂದೆ ನಿಲ್ಲಿಸಿಕೊಂಡಿರುವ ನಿನಗೆ ರಾಗಿಹಿಟ್ಟು ತರುವ ಚಿತ್ತೇಶನ ಕೈಲೇ ಈ ಕಾಗದ ಕಳಿಸಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ.

ನಮ್ಮ ಕುದುರೆ ಕೆಂಚಿಯನ್ನು ಮಾರಬೇಡ. ಅದು ತಲೆ ಒದರುತ್ತಿದ್ದದ್ದು ಪೊಗರಿನಿಂದಲ್ಲ. ಎತ್ತಿನ ಮೂಗುದಾರದ ಹಾಗೆ ನಾವು ಲಗಾಮು ಜಗ್ಗುತ್ತಿದ್ದೆವು.

ನನ್ನ ಕೈ ಪಳಗಲೆಂದು ಕೈಯಲ್ಲಿ ಹಿಡಿಯುವ ಲಗಾಮಿಗೂ ಬಾಯಿಯ ಕಡಿವಾಣಕ್ಕೂ ನಡುವೆ, ಎರಡೂ ಕಡೆ, ಅಜ್ಜಿ ನೂತ ಉಣ್ಣೆಯ ಒಂದೊಂದು ಎಳೆ ಕಟ್ಟಿದೆ. ಜಗ್ಗಿದರೆ ಹರಿಯಬೇಕು. ಹರಿದೇ ಹರಿಯಿತು. ಕೆಂಚಿಯ ಕೊರಳಿಗೆ ಬೇರೆ ಹಗ್ಗವಿತ್ತು, ಹೆದರಬೇಡ. ಅಜ್ಜಿ ಎದ್ದು ಬಂದು, "ಮುಂದಕ್ಕೆ ಬಗ್ಗಿ ಲಗಾಮಿಗೆ ಜೋತು ಬಿದ್ದಿದ್ದೀಯಲ್ಲೇ, ನೆಟ್ಟಗೆ ಕೂತ್ಕಳೇ! ನನ್ನ ನೂಲೆಲ್ಲ ಹಾಳು ಮಾಡ್ಬುಟ್ಟೆ" ಎಂದು ಬೈದಳು.

ಮತ್ತೆ ಹೊಸ ಎಳೆ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಇಳಿಬಿಟ್ಟು, ಮೊಣಕೈ ಸಡಿಲಿಸಿ ಕೂತೆ. ಇವತ್ತು ಬೆಳಿಗ್ಗೆ ಕೆರೆಯಂಗಳದಲ್ಲಿ ಕೆಂಚಿ ಕತ್ತು ಬಾಗಿಸಿ ಕಡಿವಾಣವನ್ನು ಮೆಲ್ಲಗೆ ಅಗಿಯಿತು. ಅಪ್ಪಾ, ಅದರ ನಾಲಿಗೆ ಆಡಿದ್ದು ನನ್ನ ಬೆರಳಿಗೆ ತಿಳಿಯಿತು. ನಾನು ಎಡಕ್ಕೆ ನೋಡಿದೆ ಅಷ್ಟೆ, ಅದು ತಿರುಗಿತು. ಇಳಿದು ಅದರ ಕತ್ತು ತಟ್ಟಿದೆ. ಅಜ್ಜಿ ಕೈ ಮುಗಿದು ನಿಂತಿದ್ದಳು, ಯಾರಿಗೋ ಗೊತ್ತಿಲ್ಲ.

ಸೋಮವಾರ ಕುದುರೆ ನೋಡಲು ಬರುವವರಿಗೆ ಬರಬೇಡಿ ಅಂತ ಹೇಳಿಬಿಡು. ನೀನು ಬರುವಾಗ ತಿಪಟೂರಿನಿಂದ ಜೀನಿನ ಕೆಳಗೆ ಹಾಸಲು ದಪ್ಪ ಬಟ್ಟೆ ತಾ.

ಒಂದು ಎಳೆಯನ್ನು ಬಿಚ್ಚಿ ಇದರೊಳಗೆ ಇಟ್ಟಿದ್ದೇನೆ. ಎರಡು ಬೆರಳಲ್ಲಿ ಎಳೆದು ನೋಡು, ಹರಿದುಹೋಗುತ್ತದೆ. ಕೆರೆಯಂಗಳವೆಲ್ಲ ಸುತ್ತಿ ಬಂದರೂ ಅದು ಹರಿದಿರಲಿಲ್ಲ.

ನಿನ್ನ ಮಗಳು,
ಶಶಿರೇಖಾ