ಮೇಜು ತಟ್ಟಿದ ಬೆರಳು

ಹಾಂಗ್‌ಕಾಂಗ್, ಜುಲೈ ೧೧, ಗುರುವಾರ

ಕೆಲಸ ಸಿಗಬಹುದು. ಸಂತೋಷ ಮಾತ್ರ ಹತ್ತಿರ ಸುಳಿಯುತ್ತಿಲ್ಲ.

ಸಾಲಿಸಿಟರ್ ವಕೀಲಿಕೆಯ ತರಬೇತಿಗೆ ಅಷ್ಟೊಂದು ಅರ್ಜಿ ಹಾಕಿದ್ದರಲ್ಲಿ ಕೊನೆಯ ಸುತ್ತಿಗೆ ಕರೆದದ್ದು ಇದೊಂದೇ ಕಚೇರಿ. ಕೊನೆಯ ಸುತ್ತು ಎಂದರೆ ಊಟ. ಕಚೇರಿಯ ಮುಖ್ಯಸ್ಥೆ ಔಯೆಂಗ್ ಮೇಡಂ ಅಭ್ಯರ್ಥಿಗಳಾದ ನಮ್ಮನ್ನು ಕರೆದೊಯ್ದದ್ದು ಅಪ್ಪ ಬಡಿಸುವ ಹೋಟೆಲಿಗೇ. ಇಷ್ಟು ದೊಡ್ಡ ಊರಲ್ಲಿ ಇನ್ನೊಂದು ಹೋಟೆಲು ಇರಲಿಲ್ಲವೆ?

"ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಮೇಡಂ ಕೇಳಿದಾಗ ಅಪ್ಪ ನನ್ನ ಬಟ್ಟಲಿಗೇ ಚಹಾ ಬಗ್ಗಿಸುತ್ತಿದ್ದ.

"ಹೋಟೆಲ್ ವ್ಯವಹಾರ ಮೇಡಂ," ಎಂದೆ.

ಅಪ್ಪ ಬಟ್ಟಲು ತುಂಬಿಸಿದ. ಚಹಾ ಹಾಕಿದವರಿಗೆ ಎಲ್ಲರೂ ಮಾಡುವಂತೆ ನಾನೂ ಎರಡು ಬೆರಳಿಂದ ಮೇಜು ತಟ್ಟಿ ವಂದಿಸಿದೆ. ಮುಖ ನೋಡಲಿಲ್ಲ.

ಈಗ ಮನೆಗೆ ಬಂದ ಅಪ್ಪ ಷೂ ಕಳಚುತ್ತಲೇ, "ಬಿಲ್ ಕೊಡುವಾಗ ನಿಮ್ಮ ಮೇಡಂ ಹೇಳ್ತಿದ್ರು, ಆ ಹುಡುಗೀನ ಬಿಡಬಾರ್ದು ಅಂತ. ಕೆಲಸ ಆಯ್ತು ಅಂತಲೇ ಇಟ್ಕೋ," ಎಂದ. ಅವನೇ ಚಹಾ ಮಾಡಿ ನನ್ನ ಬಟ್ಟಲು ತುಂಬಿದ. ಬೆರಳು ತಾನಾಗಿ ಮೇಜು ತಟ್ಟಿತು.

ಅಪ್ಪ ಅದರ ಮೇಲೆ ಕೈಯಿಟ್ಟು ತಡೆದ.

"ಬೇಡ ಮಗಳೇ. ಅದೆಲ್ಲ ಗಿರಾಕಿಗಳು ಮಾಡೋದು."