ಚಂಡಮಾರುತದ ದಿನ ಹೊತ್ತವರು ಯಾರು

ಸೆಮಿಸಿ,

ಕೆಸುವಿನ ಗೆಡ್ಡೆ ಬೇಯಿಸಿ ಮುಚ್ಚಿಟ್ಟಿದ್ದೇನೆ. ಮೀನನ್ನು ನೀನೇ ಸುಟ್ಟುಕೋ. ಬೆಂಕಿ ಹಚ್ಚುವುದು ನಿನಗೆ ಚೆನ್ನಾಗಿ ಬರುತ್ತದೆ. ನಾನು ಬರೆದ ನೋಟ್‌ಬುಕ್ಕಿನಿಂದಲೇ ಒಲೆ ಹೊತ್ತಿಸಿದವನಲ್ಲವೇ ನೀನು! "ಹೆಂಗಸ್ರ ಗೀಚಾಟ ಯಾರಿಗ್ ಬೇಕು, ಬರೀ ಕಾಗದ ದಂಡ" ಎಂದು ಗೆಳೆಯರ ಮುಂದೆ ನಕ್ಕೆಯಲ್ಲ, ಅದನ್ನು ನಾನು ಮರೆತಿಲ್ಲ.

ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕು.

ನೀನು ಸುಟ್ಟ ಮರುದಿನವೇ ನಾನು ಇನ್ನೊಂದು ನೋಟ್‌ಬುಕ್ ತಂದೆ. ಚರ್ಚಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ಬರೆಸುವ ಕಲೇಸಿತಾ ಅಕ್ಕ, "ದಿನಾ ಒಂದೇ ಒಂದು ಪುಟ ಬರಿ ಕಣೇ. ಸುಡೋನ ಕೈ ಸೋಲತ್ತೆ, ನಿನ್ ಕೈ ಸೋಲಲ್ಲ" ಅಂದಳು. ಏಳು ತಿಂಗಳು, ಬೆಳಿಗ್ಗೆ ನೀನು ಏಳುವುದರೊಳಗೆ, ದಿನಕ್ಕೊಂದು ಪುಟ ಬರೆದೆ.

ಇಂದು ಹತ್ತು ಗಂಟೆಗೆ ಅದರಲ್ಲಿನ ಒಂದು ಕತೆಯನ್ನು ರೇಡಿಯೊದಲ್ಲಿ ಓದುತ್ತೇನೆ. ಗೆಳೆಯರ ಜೊತೆ ಅಮಲಿನ ಕಾವಾ ಕುಡಿಯಲು ಕೂತಾಗಲೆಲ್ಲ ನೀನು ಹೇಳುವ ಕತೆಯೇ ಅದು: ಚಂಡಮಾರುತದ ದಿನ ಅತ್ತೆಯನ್ನು, ನಿನ್ನ ಹೆತ್ತಮ್ಮನನ್ನು, ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿದ ಕತೆ. ಆದರೆ ನಾನು ಬರೆದದ್ದರಲ್ಲಿ ನೀನು ಚರ್ಚಿನ ಬೆಂಚಿನ ಕೆಳಗೆ ಮುದುರಿಕೊಂಡು ಮಲಗಿದ್ದೀಯ, ಹೊತ್ತವಳು ನಾನು. ಹನ್ನೊಂದು ವರ್ಷ ನಿನ್ನ ಮಾನ ಕಾಪಾಡಿದೆ. ನೀನು ನನ್ನ ಬರಹ ಸುಡದಿದ್ದರೆ ಈಗಲೂ ಬಾಯಿ ಬಿಡುತ್ತಿರಲಿಲ್ಲ.

ರೇಡಿಯೊ ಆರಿಸಿ ಪ್ರಯೋಜನವಿಲ್ಲ, ವವಾವು ದ್ವೀಪವೆಲ್ಲ ಕೇಳುತ್ತದೆ. ಅತ್ತೆಯನ್ನು ಹುಡುಕಬೇಡ, ನನ್ನ ಜೊತೆ ಬರುತ್ತಿದ್ದಾರೆ. "ನೀನು ಓದಿ ಮುಗ್ಸಮ್ಮ, ಆಮೇಲೆ ಮೈಕು ನಂಗ್ ಕೊಡು" ಅಂದಿದ್ದಾರೆ.

ಅನಸೇನಿ