ಲೆಕ್ಕಕ್ಕಿಲ್ಲದ ಬೀಜ

ಜುಲೈ 17, 2022, ಭಾನುವಾರ

ಬಿ.ಪಿ. ಮಾತ್ರೆ ಆಯಿತು. ಎರಡನೇ ಕಾಫಿ ಜಗದಾಂಬ ಕೊಡಲಿಲ್ಲ, ನಾನೇ ಬಗ್ಗಿಸಿಕೊಂಡೆ. ಹೆಂಡತಿಯೋ ಡಾಕ್ಟರೋ ಇವಳು!

ಬೆಳೆಗಾರರೂ ವ್ಯಾಪಾರಿಗಳೂ ಇರುವ ನಮ್ಮ ಕಾಫಿ ಸಂಘದ ನೋಟಿಸ್ ಬಂದಿದೆ. ಬರುವ ಭಾನುವಾರ ಮಹಾಸಭೆ. ಬೈಲಾ ತಿದ್ದುಪಡಿ. ಅಧ್ಯಕ್ಷರನ್ನು ಒಂಬತ್ತು ಡೈರೆಕ್ಟರುಗಳು ಆರಿಸುವುದು ಬೇಡ, ಸದಸ್ಯರೆಲ್ಲ ಓಟು ಹಾಕಲಿ ಅಂತೆ. ತಂದವಳು ನೂರೀನ್. ನನ್ನ ಗೆಳೆಯ ವಹಾಬನ ಮಗಳು! ಅಪ್ಪನ ಕಾಫಿಪುಡಿ ಅಂಗಡಿ ನೋಡಿಕೊಂಡರೆ ಸಾಲದೇ?

ಆ ಬೈಲಾ ಬರೆದವನು ನಾನು, ಎಂಬತ್ತೊಂಬತ್ತರಲ್ಲಿ. ಹದಿನೇಳು ವರ್ಷ ಅಧ್ಯಕ್ಷನೂ ನಾನೇ. ಸುಮ್ಮನೆ ಬಿಡುತ್ತೇನಾ?

ಜುಲೈ 18

ಟೀವಿಯಲ್ಲಿ ರಾಷ್ಟ್ರಪತಿ ಚುನಾವಣೆ. ಎಂಎಲ್‌ಎಗಳ ಸಾಲು. ನನ್ನ ಭಾಷಣಕ್ಕೆ ಒಳ್ಳೇ ಹೊತ್ತು. ಬರೆದೆ — ಜನರೇ ನೇರವಾಗಿ ಆರಿಸಲಿ ಎಂದು ಸಂವಿಧಾನ ಸಭೆಯಲ್ಲೂ ಕೆಲವರು ವಾದಿಸಿದ್ದರು. ಒಪ್ಪಲಿಲ್ಲ. ಜನರ ಓಟು ಸಿಕ್ಕ ರಾಷ್ಟ್ರಪತಿ ಪ್ರಧಾನಿಯ ಮಾತು ಕೇಳುತ್ತಾರೆಯೇ? ಒಂದು ಮನೆಗೆ ಇಬ್ಬರು ಯಜಮಾನರಾಗುತ್ತದೆ. ದೇಶಕ್ಕೇ ಬೇಡವಾದದ್ದು ಆನೇಮಹಲಿನ ಸಂಘಕ್ಕೆ ಯಾಕೆ?

ಜಗದಾಂಬಳಿಗೆ ಓದಿ ಹೇಳಿದೆ.

"ಬೈಲಾ ಬರೆದಾಗ್ಲೂ ಇದ್ನೇ ಓದಿದ್ರಿ ಕಣ್ರೀ. ಸೋತ ಸಿಟ್ಟಿಗೆ ಸಂವಿಧಾನ ಯಾಕ್ರೀ ಬೇಕಿತ್ತು?"

ಭಾಷಣ ಮಡಚಿ ಜೇಬಿಗಿಟ್ಟುಕೊಂಡೆ.

ಜುಲೈ 19

ಇಲ್ಲಿ ಯಾರು ಓದುತ್ತಾರೆ, ನಿಜ ಬರೆಯುತ್ತೇನೆ.

ಎಂಬತ್ತೆಂಟರ ಅಧ್ಯಕ್ಷ ಚುನಾವಣೆ. ಶಾಲೆಯ ವರಾಂಡ. ಎರಡು ಬಿಸ್ಕತ್ ಡಬ್ಬಿ — ಒಂದು ವಹಾಬನದು, ಒಂದು ನನ್ನದು. ಪ್ರತಿ ಸದಸ್ಯನೂ ಮನೆಯಿಂದ ಒಂದು ಕಾಫಿ ಬೀಜ ತಂದು ಹಾಕಬೇಕು. ಅದೇ ಓಟು. ಎದುರಾಳಿಗಳಿಬ್ಬರೂ ಅವನ ಅಂಗಡಿಯಲ್ಲಿ ಕಾಫಿ ಕುಡಿದು ಒಂದೇ ಸ್ಕೂಟರಿನಲ್ಲಿ ಹೋಗಿದ್ದೆವು! ದಾರಿಯುದ್ದಕ್ಕೂ ನಗು. ಎಂಥ ದಿನಗಳು...

ಎಣಿಸುವಾಗ ನನ್ನ ಡಬ್ಬಿಯಲ್ಲಿ ಒಂದು ಹುರಿದ ಬೀಜ ಸಿಕ್ಕಿತು. ಎಣಿಸುತ್ತಿದ್ದ ಹುಚ್ಚಣ್ಣ ನನ್ನ ಮುಖ ನೋಡಿದ. ಗೆದ್ದೇಬಿಟ್ಟೆನೆಂಬ ಗತ್ತು ನನಗೆ. "ಯಾವನೋ ತಮಾಷೆ ಮಾಡ್ಯವ್ನೆ. ಲೆಕ್ಕಕ್ಕಿಲ್ಲ, ಬಿಸಾಕು" ಎಂದೆ.

ವಹಾಬ್ ಮೂವತ್ತೆಂಟು. ನಾನು ಮೂವತ್ತೇಳು.

ಹೆಗಲ ಮೇಲೆ ಕೈಯಿಟ್ಟ. ಕೊಡವಿಬಿಟ್ಟೆ. ಮರುವರ್ಷ ಡೈರೆಕ್ಟರುಗಳನ್ನು ಒಲಿಸಿಕೊಂಡು ಬೈಲಾ ಬದಲಿಸಿದೆ. ಅವನು ಜಗಳಕ್ಕೆ ಬರಲಿಲ್ಲ. "ಬೈಲಾ ನೀನೇ ಇಟ್ಕೋ ಮಾರಾಯ. ಕಾಫಿ ಕುಡಿಯೋಕ್ ಮಾತ್ರ ಬಾ" ಎಂದ.

ಹೋದೆ. ಮೂವತ್ತು ವರ್ಷ ಹೋದೆ. ಅವನು ತೀರಿಕೊಂಡು ಎರಡು ವರ್ಷ. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಜುಲೈ 22, ಸಂಜೆ

ತಿದ್ದುಪಡಿ ಹಿಂದಕ್ಕೆ ತೆಗೆದುಕೋ ಎನ್ನಲು ಸಕಲೇಶಪುರಕ್ಕೆ ಹೋದೆ. ಅದೇ ಹುರಿಯುವ ಮೆಷಿನ್. ಅದೇ ಘಮ. ಅವನ ಸ್ಟೂಲ್ ಖಾಲಿ. ನೂರೀನ್ ಕೇಳದೆಯೇ ಕಾಫಿ ಕೊಟ್ಟಳು, ಸಕ್ಕರೆ ಕಮ್ಮಿ.

"ನಿಮ್ಮೇಲೆ ಸಿಟ್ಟಲ್ಲ ಅಂಕಲ್. ಅಬ್ಬಾ ಒಂದ್ ಕತೆ ಹೇಳ್ತಿದ್ರು. ಎಲ್ರೂ ತೋಟದ್ ಬೀಜ ಹಾಕಿದ್ರಂತೆ. ನಮಗೆಲ್ಲೈತೆ ತೋಟ? ಅಂಗಡಿಯ ಹುರಿದ ಬೀಜಾನೇ ಹಾಕಿದ್ರು. ಯಾರೋ ಅದು ಓಟೇ ಅಲ್ಲ ಅಂದ್ಬುಟ್ರಂತೆ. ಹೇಳ್ಕೊಂಡು ನಗ್ತಿದ್ರು. ನಂಗೆ ಮಾತ್ರ ನಗು ಬರ್ತಿರಲಿಲ್ಲ."

"ಯಾರು ಅಂತ ಹೇಳ್ಲಿಲ್ವಾ?"

"ಇಲ್ಲ. ಎಷ್ಟ್ ಕೇಳಿದ್ರೂ ಇಲ್ಲ. ಅಬ್ಬಾ ಆ ಓಟು ತಮಗೇ ಹಾಕ್ಕೊಂಡಿರ್ತಾರೆ, ಅಲ್ವಾ ಅಂಕಲ್?"

ಲೋಟ ಇಟ್ಟು ಎದ್ದೆ. ಬಂದ ಕೆಲಸ ಹೇಳದೆಯೇ ಹೊರಟು ಬಂದೆ.

ಆ ಬೀಜ ಇದ್ದದ್ದು ನನ್ನ ಡಬ್ಬಿಯಲ್ಲಿ. ಅವನು ಹಾಕಿದ್ದು ನನಗೆ. ನಾನು ಹಾಕಿಕೊಂಡದ್ದೂ ನನಗೇ.

ಜುಲೈ 24, ಭಾನುವಾರ. ಬೆಳಿಗ್ಗೆ 9

ಭಾಷಣ ಒಲೆಗೆ ಹಾಕಿದೆ. ಅಳು ಬಂತು. ಜಗದಾಂಬ ನೋಡಿದಳು. ಇವತ್ತು ಎರಡನೇ ಕಾಫಿ ಅವಳೇ ತಂದಿಟ್ಟಳು.

ಇವತ್ತು ಹಳೆಯ ಪದ್ಧತಿಯಂತೆ ಡಬ್ಬಿ ಇಡುತ್ತಾರೆ. ತಿದ್ದುಪಡಿ ಬೇಕು ಎಂಬುದಕ್ಕೊಂದು, ಬೇಡ ಎಂಬುದಕ್ಕೊಂದು. ನಮ್ಮ ತೋಟದ ರೋಬಸ್ಟಾ ಬೀಜದ ಮೂಟೆ ಇಲ್ಲೇ ಇದೆ. ಕೈ ಹಾಕಲಿಲ್ಲ. ಮೊನ್ನೆ ಅಂಗಡಿಯಿಂದ ಒಂದು ಹುರಿದ ಬೀಜ ಹೇಳದೆ ಎತ್ತಿಕೊಂಡು ಬಂದಿದ್ದೆ. ಜೇಬಿನಲ್ಲಿದೆ. ಬೇಕು ಡಬ್ಬಿಗೆ.

ಎಣಿಸುವಾಗ ಯಾರಾದರೂ ಲೆಕ್ಕಕ್ಕಿಲ್ಲ ಎನ್ನಲಿ. ಎದ್ದು ನಿಲ್ಲುತ್ತೇನೆ. ನೂರೀನ್ ಎದುರಿಗೇ ಹೇಳುತ್ತೇನೆ — ಆ ಯಾರೋ ನಾನೇ ಕಣಮ್ಮ, ನಿಮ್ಮಪ್ಪ ಅವತ್ತು ಓಟು ಹಾಕಿದ್ದು...

ಆಟೋ ಬಂತು. ವಹಾಬ, ನಿನ್ನ ಬೀಜ ಲೆಕ್ಕಕ್ಕೆ ಹಾಕಿಸಲು ಹೊರಟೆ.